ರೂಪದಾಚೆಗೆ ನಡೆದ ಕುಂಚ

"ಸರ, ಬಣ್ಣ ಛಲೋ ಹಚ್ಚ್ಯಾನ್ರಿ. ಆದರ ಇದಕ್ಕ ಕಣ್ಣು ಎಲ್ಲಿ ಐತಿ?"

ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ್ದ ಚಿತ್ರಪ್ರದರ್ಶನದಲ್ಲಿ ಓರ್ವ ಹಿರಿಯರು ನನ್ನನ್ನು ಈ ಪ್ರಶ್ನೆ ಕೇಳಿದರು. ಕೊಪ್ಪಳಕ್ಕೆ ಸಮೀಪದ ಕಿನ್ನಾಳದವರು. ತಲೆತಲಾಂತರದಿಂದ ಮರದ ಗೊಂಬೆಗಳಿಗೆ ಬಣ್ಣ ಹಾಕುತ್ತ ಬಂದ ಮನೆತನ. ಅವರ ಮಗ ನನ್ನ ವಿದ್ಯಾರ್ಥಿ. ಅವನು ಬರೆದ ಚಿತ್ರದಲ್ಲಿ ತುಕ್ಕುಗೆಂಪಿನ ವಿಶಾಲವಾದ ಹರವು, ಅದರ ನಡುವೆ ಎರಡು ಕಪ್ಪು ಮುದ್ದೆಗಳು, ಅಂಚಿನಲ್ಲಿ ನಡುಗುವಂತಿದ್ದ ಒಂದು ಬಿಳಿಯ ಗೆರೆ ಇಷ್ಟೇ ಇದ್ದವು. ಮನುಷ್ಯನಿಲ್ಲ, ಮರವಿಲ್ಲ, ದೇವರಿಲ್ಲ. ಗೊಂಬೆಗೆ ಕೊನೆಯಲ್ಲಿ ಕಣ್ಣು ಬರೆದು ಜೀವ ತುಂಬುವ ಕಸುಬಿನವರಿಗೆ ಕಣ್ಣಿಲ್ಲದ ಚಿತ್ರವೆಂದರೆ ಅರ್ಧಕ್ಕೆ ನಿಂತ ಕೆಲಸವಾಗಿ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾನು ಕನ್ನಡ ಸಾಹಿತ್ಯವನ್ನು ಪಾಠ ಹೇಳುವವನು. ಅಂದು "ಇದು ನವ್ಯಕಲೆ" ಎಂದು ಏನೋ ಒಂದು ಹಾರಿಕೆಯ ಮಾತನ್ನಾಡಿ ನುಣುಚಿಕೊಂಡೆನು. ಅವರು ಒಪ್ಪಲಿಲ್ಲ, ವಾದಿಸಲೂ ಇಲ್ಲ. ಹೊರಡುವಾಗ ಮಾತ್ರ, "ಚಿತ್ರಕಲಾ ಶಾಲಿಗೆ ಹೋಗ್ತೇನಂತಾನ. ಗೊಂಬಿ ಬಿಟ್ಟ ಹೋದ ಕೈ ಮತ್ತ ಗೊಂಬಿಗೆ ಬರೂದಿಲ್ರಿ" ಎಂದರು. ಆ ಮಾತು ನನ್ನನ್ನು ಬಹುಕಾಲ ಕಾಡಿತು. ರೂಪವನ್ನು ತೊರೆದ ಚಿತ್ರಕಾರನು ತನ್ನವರನ್ನೂ ತೊರೆದಂತೆಯೇ? ಈ ಪ್ರಶ್ನೆಗೆ ಉತ್ತರವನ್ನರಸುತ್ತ ನಾನು ಓದಿದ, ನೋಡಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಗಣಪತಿಯ ಮಣ್ಣಿನ ಮನೆ

ಉತ್ತರವನ್ನರಸಿ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿ ಎಂಬ ಹಳ್ಳಿಗೆ ಹೋದರೆ ಸಾಕು. ಅಲ್ಲಿ 1911ರ ಜೂನ್ 15ರಂದು ಕೃಷ್ಣ ಹೆಬ್ಬಾರರು ಜನಿಸಿದರು. ಕೆ. ಕೆ. ಹೆಬ್ಬಾರ್ ಎಂದರೆ ಭಾರತದ ಕಲಾಲೋಕಕ್ಕೆಲ್ಲ ಪರಿಚಿತವಾದ ಹೆಸರು. ಅವರ ತಂದೆ ಗಣೇಶನ ವಿಗ್ರಹಗಳನ್ನು ಮಾಡುತ್ತಿದ್ದವರು. ಹಸಿಮಣ್ಣು ಬೆರಳಿನ ಒತ್ತಿಗೆ ಸೊಂಡಿಲಾಗುವುದನ್ನು, ಹೊಟ್ಟೆಯಾಗುವುದನ್ನು ಬಾಲಕನು ಮನೆಯಲ್ಲಿಯೇ ಕಂಡನು. ಮನೆಯ ಹೊರಗೆ ಯಕ್ಷಗಾನದ ಕಿರೀಟಗಳು, ಭೂತದ ಕೋಲದ ಬೆಂಕಿಬೆಳಕು, ಕಂಬಳದ ಕೋಣಗಳ ಓಟ. ಮುಂದಿನ ಎಂಬತ್ತು ವರ್ಷಗಳ ಬಂಡವಾಳವೆಲ್ಲ ಆ ಹಳ್ಳಿಯಲ್ಲಿಯೇ ದೊರಕಿದ್ದಿತೆಂದರೆ ಹೆಚ್ಚಿನ ಮಾತಲ್ಲ.

ಕಲೆಯನ್ನು ಕ್ರಮವಾಗಿ ಕಲಿಯಬೇಕೆಂಬ ಹಂಬಲ ಅವರನ್ನು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಕರೆದೊಯ್ದಿತು. ಮುಂದೆ ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರೂ ಆದರು. ಆ ಶಾಲೆಯಲ್ಲಿ ಆಗ ನಡೆಯುತ್ತಿದ್ದುದು ಯುರೋಪಿನ ವಾಸ್ತವಿಕ ಪದ್ಧತಿಯ ಶಿಕ್ಷಣ: ಎದುರಿಗೆ ಕುಳಿತವನನ್ನು ಇದ್ದಂತೆಯೇ ಬರೆಯಬೇಕು, ನೆರಳು ಬೀಳುವಲ್ಲಿಯೇ ನೆರಳು ಬೀಳಬೇಕು. ಹೆಬ್ಬಾರರ ಕೈಗೆ ಇದು ಬೇಗನೆ ಒಲಿಯಿತು. ಆದರೆ ಕೈಗೆ ಒಲಿದದ್ದು ಮನಸ್ಸಿಗೆ ಒಲಿಯಲಿಲ್ಲ. ಇಷ್ಟು ನಿಖರವಾಗಿ ಬರೆದ ಚಿತ್ರದಲ್ಲಿ ತನ್ನದೆಂಬುದು ಯಾವುದು ಎಂಬ ಚಿಂತೆ ಹತ್ತಿತು.

ಅವರು ಹಿಂದಕ್ಕೆ ತಿರುಗಿ ನೋಡಿದರು. ಜೈನ ಹಸ್ತಪ್ರತಿಗಳ ಚಿತ್ರಗಳು, ರಜಪೂತ ಮತ್ತು ಮೊಗಲ್ ಕಿರುಚಿತ್ರಗಳು, ಅಜಂತೆಯ ಭಿತ್ತಿಗಳು ಅವರಿಗೆ ಬೇರೊಂದು ದಾರಿಯನ್ನು ತೋರಿದವು. ಅಲ್ಲಿ ನೆರಳಿಲ್ಲ, ಆದರೂ ಜೀವವಿದೆ. ದೂರ ಸಮೀಪಗಳ ಲೆಕ್ಕವಿಲ್ಲ. ಆದರೂ ಕಥೆ ತಿಳಿಯುತ್ತದೆ. ಅಲ್ಪಾಯುಷಿಯಾಗಿ 1941ರಲ್ಲಿ ತೀರಿಕೊಂಡ ಅಮೃತಾ ಶೇರ್‌ಗಿಲ್ ಅವರ ಕೃತಿಗಳೂ ಅವರ ಮೇಲೆ ಗಾಢವಾದ ಪ್ರಭಾವ ಬೀರಿದವು. ಕೇರಳದ ಹಳ್ಳಿಗಳನ್ನು ವಸ್ತುವಾಗಿಸಿಕೊಂಡು ಹೆಬ್ಬಾರರು ಬರೆದ ಆ ಕಾಲದ ಚಿತ್ರಗಳಲ್ಲಿ ಬಣ್ಣ ಅಗಲವಾಗಿ, ಸಪಾಟಾಗಿ ನಿಲ್ಲತೊಡಗಿತು. ವಿವರ ಒಂದೊಂದಾಗಿ ಉದುರಿತು. ಇದು ಅವರ ಮೊದಲ ತಿರುವು.

ಕಾಲಿಗೆ ಗೆಜ್ಜೆ ಕಟ್ಟಿದ ಚಿತ್ರಕಾರ

1949–50ರಲ್ಲಿ ಅವರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದರು. ಯುರೋಪಿನಲ್ಲಿ ಆ ವೇಳೆಗೆ ಚಿತ್ರಕಲೆ ವಸ್ತುವಿನ ಹಂಗನ್ನು ಹರಿದೊಗೆದು ದಶಕಗಳೇ ಆಗಿದ್ದವು. ಅಲ್ಲಿಂದ ಹಿಂದಿರುಗಿದವರು ಅದನ್ನು ಅನುಕರಿಸುತ್ತ ಕುಳಿತುಕೊಳ್ಳಬಹುದಾಗಿತ್ತು. ಹೆಬ್ಬಾರರು ಹಾಗೆ ಮಾಡಲಿಲ್ಲ. ಚಿತ್ರಕ್ಕೆ ಲಯ ಬೇಕೆಂದು ಅವರಿಗೆ ತೋರಿದ್ದಿತು. ಲಯವನ್ನು ಹೊರಗೆ ನಿಂತು ನೋಡಿದರೆ ಸಾಲದೆಂದು ಸ್ವತಃ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ರಂಗವೇರಿ ಕುಣಿಯಬೇಕೆಂಬ ಆಸೆಯಿಂದಲ್ಲ. ದೇಹ ತಿರುಗುವಾಗ ತೂಕ ಎಲ್ಲಿಂದ ಎಲ್ಲಿಗೆ ಸಾಗುತ್ತದೆ, ತಾಳ ಕಾಲಿನಿಂದ ಕೈಗೆ ಹೇಗೆ ಏರುತ್ತದೆ ಎಂಬುದನ್ನು ಮೈಯಿಂದಲೇ ಅರಿಯುವುದಕ್ಕಾಗಿ.

ಈ ಅಭ್ಯಾಸದ ಫಲ ಅವರ ರೇಖಾಚಿತ್ರಗಳಲ್ಲಿ ಕಾಣುತ್ತದೆ. ಕುಂಚವನ್ನು ಒಮ್ಮೆ ಊರಿದರೆ ಗೆರೆ ನಿಲ್ಲದೆ ಸಾಗುವುದು. ನರ್ತಕಿಯ ಮುಖವಿಲ್ಲ, ಆಭರಣವಿಲ್ಲ, ಉಡುಗೆಯಿಲ್ಲ. ಸುತ್ತು ಮಾತ್ರ ಉಂಟು. ಈ ರೇಖೆಗಳ ಸಂಪುಟಕ್ಕೆ ಅವರು 'ಸಿಂಗಿಂಗ್ ಲೈನ್', ಎಂದರೆ 'ಹಾಡುವ ಗೆರೆ', ಎಂಬ ಹೆಸರಿಟ್ಟರು. ಗೆರೆ ಹಾಡಬೇಕಾದರೆ ಅದು ವಸ್ತುವನ್ನು ಸುತ್ತುವರಿಯುವ ಬೇಲಿಯಾಗಿ ಉಳಿಯಬಾರದು. ಅದಕ್ಕೆ ತನ್ನದೇ ಆದ ಉಸಿರಿರಬೇಕು.

ಮುಂದಿನ ದಶಕಗಳಲ್ಲಿ ಅವರನ್ನು ಕಾಡಿದ ವಿಷಯಗಳು ಕಣ್ಣಿಗೆ ಸುಲಭವಾಗಿ ಸಿಕ್ಕುವಂಥವಲ್ಲ. ಹಸಿವು, ಯುದ್ಧ, ಅಣುಸ್ಫೋಟ, ಮಾನವನ ಬಾಹ್ಯಾಕಾಶ ಯಾನ ಇವೇ ಮುಂತಾದವು. ಹಸಿದವನನ್ನು ಬರೆಯಬಹುದು, ಹಸಿವನ್ನು ಬರೆಯುವುದು ಹೇಗೆ? 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿರಿಸಿದನು. ಅವನ ಉಡುಪನ್ನು ಛಾಯಾಚಿತ್ರ ತೋರಿಸೀತು; ಆ ನಿಶ್ಶಬ್ದವನ್ನು ತೋರಿಸುವುದು ಹೇಗೆ? ಇಂಥ ಪ್ರಶ್ನೆಗಳ ಒತ್ತಡದಿಂದಲೇ ಹೆಬ್ಬಾರರ ತೈಲಚಿತ್ರಗಳಲ್ಲಿ ಆಕಾರ ಕರಗುತ್ತ ಹೋಯಿತು. ಬಣ್ಣದ ದಪ್ಪ ಪದರಗಳೂ ಅವುಗಳೊಳಗಿಂದ ಹೊಮ್ಮುವ ಬೆಳಕೂ ಮುಂದೆ ಬಂದವು. ಅವರನ್ನು ಸಂಪೂರ್ಣ ಅಮೂರ್ತ ಚಿತ್ರಕಾರರೆನ್ನಲಾಗದು. ಅಮೂರ್ತದ ಹೊಸ್ತಿಲಿನ ಮೇಲೆ ನಿಂತು ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ನೋಡಿದವರು ಎನ್ನಬಹುದು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 1996ರಲ್ಲಿ ಅವರು ದಿವಂಗತರಾದರು.

ಹೊಸ್ತಿಲನ್ನು ದಾಟಿದವರು

ಹೊಸ್ತಿಲನ್ನು ಪೂರ್ಣವಾಗಿ ದಾಟಿದವರೂ ಇದ್ದಾರೆ. ಅವರಲ್ಲಿ ರಷ್ಯದ ಕ್ಯಾಂಡಿನ್ಸ್ಕಿಯು ಹೇಳಿಕೊಂಡ ಒಂದು ಅನುಭವ ಸ್ವಾರಸ್ಯವಾಗಿದೆ. ಆತನು ಮ್ಯೂನಿಕ್ ನಗರದಲ್ಲಿದ್ದಾಗ ಒಂದು ಸಂಜೆ ಮಬ್ಬುಗತ್ತಲಲ್ಲಿ ತನ್ನ ಕೋಣೆಯ ಬಾಗಿಲು ತೆರೆದನು. ಒಳಗೆ ಗೋಡೆಗೊರಗಿ ಒಂದು ಅಪೂರ್ವ ಚಿತ್ರವಿದ್ದಿತು. ಅದರಲ್ಲಿ ಏನಿದೆಯೆಂದು ತಿಳಿಯದು. ಬಣ್ಣಗಳೂ ಆಕಾರಗಳೂ ಮಾತ್ರ ಹೊಳೆಯುತ್ತಿದ್ದವು. ಬೆರಗಾಗಿ ಹತ್ತಿರ ಹೋದಾಗ ಅದು ತಾನೇ ಬರೆದ ಚಿತ್ರವೆಂದೂ ಅಡ್ಡಲಾಗಿ ನಿಂತಿದೆಯೆಂದೂ ತಿಳಿಯಿತು. ಮರುದಿನ ಹಗಲಿನಲ್ಲಿ ಆ ಬೆರಗನ್ನು ಮತ್ತೆ ಪಡೆಯಲು ಯತ್ನಿಸಿದನು. ಆದರೆ ಚಿತ್ರದೊಳಗಿನ ವಸ್ತುಗಳು ಗುರುತಿಗೆ ಬಂದು ಅಡ್ಡಿಯಾದವು. ತನ್ನ ಚಿತ್ರಗಳಿಗೆ ವಸ್ತುವೇ ತೊಡಕೆಂದು ಅವನಿಗೆ ಮನವರಿಕೆಯಾಯಿತಂತೆ.

ನಮ್ಮ ನೆರೆಯ ಗೋವೆಯ ಮೂಲದ ವಾಸುದೇವ ಗಾಯ್ತೊಂಡೆಯವರದು ಮತ್ತೊಂದು ನಿದರ್ಶನ. 1924ರಲ್ಲಿ ನಾಗಪುರದಲ್ಲಿ ಜನಿಸಿ, ಹೆಬ್ಬಾರರಂತೆಯೇ ಜೆ. ಜೆ. ಕಲಾಶಾಲೆಯಲ್ಲಿ ಓದಿ 1948ರಲ್ಲಿ ಹೊರಬಂದವರು ಅವರು. ಮೊದಲು ಅವರೂ ಮನುಷ್ಯಾಕೃತಿಗಳನ್ನೇ ಬರೆಯುತ್ತಿದ್ದರು. ಕ್ರಮೇಣ ಆಕೃತಿ ಚಿಹ್ನೆಯಾಯಿತು, ಚಿಹ್ನೆ ಬಣ್ಣದಲ್ಲಿ ಮುಳುಗಿತು. ಝೆನ್ ಬೌದ್ಧಮತದ ಮೌನ ಅವರನ್ನು ಸೆಳೆದಿದ್ದಿತು. ಕುಂಚದ ಬದಲಿಗೆ ರೋಲರನ್ನೂ ಬಣ್ಣ ಕಲೆಸುವ ಚೂರಿಯನ್ನೂ ಹಿಡಿದರು. ಒಂದು ಪದರ ಬಣ್ಣ ಬಳಿದು, ಒಣಗಲು ಬಿಟ್ಟು, ಮತ್ತೊಂದನ್ನು ಬಳಿದು, ಕೆಲವೆಡೆ ಕೆರೆದು, ಕೆಲವೆಡೆ ಕಾಗದದ ಚೂರುಗಳಿಂದ ಎತ್ತಿ, ಒಳಪದರದ ಬೆಳಕು ಹೊರಕ್ಕೆ ಸೋಸುವವರೆಗೂ ಕಾಯುತ್ತಿದ್ದರು. ಕೈಯ ಕೆಲಸಕ್ಕಿಂತ ಕಾಯುವ ಕೆಲಸವೇ ಅಧಿಕ. ಇಡೀ ವರ್ಷದಲ್ಲಿ ಪೂರ್ಣಗೊಳ್ಳುತ್ತಿದ್ದ ಚಿತ್ರಗಳು ಬೆರಳೆಣಿಕೆಯಷ್ಟು. 1984ರಲ್ಲಿ ಅಪಘಾತಕ್ಕೀಡಾಗಿ ದೊಡ್ಡ ಚಿತ್ರಗಳನ್ನು ಬರೆಯುವುದು ಅಸಾಧ್ಯವಾದಾಗ ಅವರು ಸಣ್ಣ ಕಾಗದಗಳ ಮೇಲೆ ಶಾಯಿಯ ಗೆರೆಗಳಿಗೆ ತಿರುಗಿದರು. 2001ರಲ್ಲಿ ಅವರು ತೀರಿಕೊಂಡರು. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು.

ನಮ್ಮ ನೆಲದ ಅಮೂರ್ತ

"ಇದೆಲ್ಲ ಪರದೇಶದ ಗಾಳಿ" ಎಂಬ ಆಕ್ಷೇಪಣೆ ನಮ್ಮಲ್ಲಿ ಆಗಾಗ ಕೇಳಿಬರುವುದುಂಟು. ಅದು ಎಷ್ಟು ನಿಜ? ಕೊಪ್ಪಳ ಜಿಲ್ಲೆಯೊಳಗೇ ಒಂದು ಸುತ್ತು ಹಾಕಿ ಬರೋಣ.

ಗಂಗಾವತಿಯ ಕಡೆಯಿಂದ ಹಿರೇಬೆಣಕಲ್ಲಿನ ಗುಡ್ಡವನ್ನೇರಿದರೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಸುಮಾರು 400 ಶಿಲಾಗೋರಿಗಳು ಸಿಕ್ಕುತ್ತವೆ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿಯ ಬಂಡೆಯಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಕುಣಿಯುವ ಜನ, ಬೇಟೆ, ಜಿಂಕೆ, ಜೊತೆಗೆ ಯಾವ ವಸ್ತುವನ್ನೂ ಹೋಲದ ಕೆಲವು ವಿನ್ಯಾಸಗಳು. ಮನುಷ್ಯನನ್ನು ತೋರಿಸಲು ಆ ಅನಾಮಿಕನಿಗೆ ಒಂದು ಉದ್ದಗೆರೆ, ನಾಲ್ಕು ಕಿರುಗೆರೆ ಸಾಕಾಗಿದ್ದವು. ಆ ಗೆರೆಗಳಿಗೂ ಕಣ್ಣಿಲ್ಲ. ಆದರೆ ಕುಣಿತ ಇಂದಿಗೂ ನಿಂತಿಲ್ಲ.

ಹಿಂದಿನ ಯಲಬುರ್ಗಾ ತಾಲೂಕಿನ ಇಟಗಿಗೆ ಬನ್ನಿ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವನ್ನು ಶಾಸನವೇ ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿದೆ. ಗೋಡೆಯ ಸೂಕ್ಷ್ಮ ಕೆತ್ತನೆಯನ್ನು ಕಂಡು ತಣಿದ ಮೇಲೆ, ತಿರುಗಣಿಯಲ್ಲಿ ಕಡೆದಂತಿರುವ ಕಂಬಗಳ ಬಳಿ ನಿಲ್ಲಿರಿ. ಅವುಗಳ ಬಳೆ ಬಳೆಯಾದ ಅಂಚುಗಳ ಮೇಲೆ ಬೆಳಕು ನೆರಳುಗಳು ಒಂದರ ಹಿಂದೊಂದು ಇಳಿಯುತ್ತವೆ. ಅವು ಯಾರ ರೂಪವೂ ಅಲ್ಲ. ಆದರೂ ಕಣ್ಣು ಅಲ್ಲಿಂದ ಕೀಳಲಾರದು.

ಕುಷ್ಟಗಿಯ ಗಡಿ ದಾಟಿದೊಡನೆ ಇಳಕಲ್ಲು. ಆ ಸೀರೆಯ ಸೆರಗಿನಲ್ಲಿ ಕೋಟೆಯ ತೆನೆ, ಜೋಳದ ತೆನೆ, ಹಣಿಗೆ, ಬೆಟ್ಟದ ಸಾಲು ಇವೆಯೆಂದು ನೇಕಾರರು ಹೇಳುತ್ತಾರೆ. ನಮಗೆ ಕಾಣುವುದು ಕೆಂಪು ಬಿಳುಪಿನ ಮೊನೆಗಳು ಮಾತ್ರ. ಜೋಳದ ತೆನೆಯನ್ನು ನೇಕಾರನು ಅದರ ಮೂಲಲಯಕ್ಕೆ ಇಳಿಸಿದ್ದಾನೆ. ಹಳೆಯ ಸೀರೆಗಳ ತುಣುಕುಗಳನ್ನು ಸೇರಿಸಿ ನಮ್ಮ ತಾಯಂದಿರು ಹೊಲಿಯುವ ಕೌದಿಯಲ್ಲಿ ಯಾವ ಬಣ್ಣದ ಪಕ್ಕದಲ್ಲಿ ಯಾವುದು ಕೂಡಬೇಕೆಂಬುದನ್ನು ನಿರ್ಧರಿಸುವುದು ಕಣ್ಣಿನ ನ್ಯಾಯವೇ ಹೊರತು ವಸ್ತುವಿನ ಹೋಲಿಕೆಯಲ್ಲ. ಕೌದಿಯನ್ನು ಹೊದ್ದು "ಇದರ ಅರ್ಥವೇನು?" ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬಹುದು. ಒಂಬತ್ತನೆಯ ಶತಮಾನದ ಆನಂದವರ್ಧನನು ಕಾವ್ಯದ ಆತ್ಮ ಧ್ವನಿಯೆಂದನು. ಪದಗಳು ನೇರವಾಗಿ ಹೇಳುವ ಅರ್ಥ ಒಂದು. ಅದನ್ನು ಹಿಂದಿಕ್ಕಿ ಅನುರಣಿಸುವ ಅರ್ಥ ಇನ್ನೊಂದು. ಮೂರ್ತ ಚಿತ್ರದಲ್ಲಿ ವಾಚ್ಯವೂ ಧ್ವನಿಯೂ ಜೊತೆಯಾಗಿ ಬರುತ್ತವೆ. ಅಮೂರ್ತ ಚಿತ್ರಕಾರನು ವಾಚ್ಯವನ್ನು ಕಳಚಿಟ್ಟು ಅನುರಣನದಿಂದಲೇ ಚಿತ್ರವನ್ನು ಕಟ್ಟಲು ಹೊರಡುತ್ತಾನೆ. ಇದು ಅಪಾಯದ ದಾರಿ. ಅನುರಣನ ಹುಟ್ಟದಿದ್ದರೆ ಉಳಿಯುವುದು ಬರಿಯ ಬಣ್ಣದ ಚೆಲ್ಲಾಟ. ಅಂಥ ಚಿತ್ರಗಳು ಬೇಕಾದಷ್ಟಿವೆ. ಅಮೂರ್ತವೆಂದ ಮಾತ್ರಕ್ಕೆ ಯಾವುದೂ ಉತ್ತಮವಾಗದು. ರೂಪವನ್ನು ಬಿಡುವ ಹಕ್ಕು ರೂಪವನ್ನು ಬಲ್ಲವನಿಗೆ ಮಾತ್ರವೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಹೆಬ್ಬಾರರೂ ಗಾಯ್ತೊಂಡೆಯವರೂ ಬಿಟ್ಟದ್ದನ್ನು ಮೊದಲು ಗಳಿಸಿಕೊಂಡವರು ಎಂಬುದನ್ನು ಮರೆಯಬಾರದು.

ಮತ್ತೆ ಕಿನ್ನಾಳಕ್ಕೆ

ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು, ಪ್ರದರ್ಶನವಾದ ಕೆಲವು ತಿಂಗಳ ಮೇಲೆ, ನಾನು ಕಿನ್ನಾಳದ ಆ ಮನೆಗೆ ಹೋದೆನು. ಹಿರಿಯರು ಗರುಡನ ಕೆಲಸದಲ್ಲಿ ತೊಡಗಿದ್ದರು. ಹಗುರವಾದ ಮರದಲ್ಲಿ ಅಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸಿದ್ದಾಗಿತ್ತು. ಕೂಡುಗಳ ಮೇಲೆ ನೆನೆಸಿದ ಸೆಣಬಿನ ಚಿಂದಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿಯಿಂದ ಮಾಡಿದ ಕಿಟ್ಟವನ್ನು ಮೆತ್ತಿದ್ದರು. ಅದರ ಮೇಲೆ ಬಟ್ಟೆಯ ತುಂಡುಗಳು, ಕಲ್ಲಿನ ಪುಡಿಯ ಲೇಪ, ಬಳಿಕ ಬಿಳಿಯ ಬಣ್ಣ. ಇಷ್ಟಾದ ಮೇಲೆಯೇ ನಿಜವಾದ ಬಣ್ಣಗಳ ಸರದಿ. ಕೊನೆಗೆ ಲೋಹದ ಹೊಳಪು ತರುವ ಲಾಜವರದ ಕೆಲಸ. ವಿಜಯನಗರದ ಕಾಲದಲ್ಲಿ ಹಂಪಿಯ ವಿರೂಪಾಕ್ಷ ದೇವಾಲಯದ ಛತ್ತಿನ ಚಿತ್ರಗಳನ್ನು ಬರೆದವರು ಇಲ್ಲಿನ ಚಿತ್ರಗಾರರ ಪೂರ್ವಜರೆಂಬ ಪ್ರತೀತಿಯುಂಟು.

"ನೋಡವರಿಗೆ ಈ ಕಿಟ್ಟ ಕಾಣೂದಿಲ್ಲ, ಈ ಬಟ್ಟಿ ಕಾಣೂದಿಲ್ಲ. ಆದರ ಅದು ಇಲ್ಲಂದ್ರ ಮ್ಯಾಲಿನ ಬಣ್ಣ ನಾಕ ದಿನ ನಿಲ್ಲೂದಿಲ್ರಿ" ಎಂದರು ಅವರು. ಗಾಯ್ತೊಂಡೆಯವರ ಪದರಗಳ ಕಥೆಯನ್ನು ನಾನು ಹೇಳಿದೆನು. ಗಣಪತಿಯ ಮಣ್ಣಿನ ಮನೆಯಿಂದ ಹೊರಟ ಹೆಬ್ಬಾರರ ಕಥೆಯನ್ನೂ ಹೇಳಿದೆನು. ಅವರು ಕೆಲಸ ನಿಲ್ಲಿಸದೆಯೇ ಕೇಳಿದರು. "ಆ ಹೆಬ್ಬಾರ ಸಾಹೇಬರ ಮನ್ಯಾಗ ಆಮ್ಯಾಲ ಗಣಪತಿ ಯಾರು ಮಾಡಿದ್ರು?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಕಲಾವಿಮರ್ಶೆಯ ಪುಸ್ತಕಗಳಲ್ಲಿ ಈ ಪ್ರಶ್ನೆಯನ್ನು ನಾನು ಕಂಡದ್ದೂ ಇಲ್ಲ. ಓರ್ವನು ಹೊಸ ದಾರಿ ಹಿಡಿದಾಗ ಹಳೆಯ ದಾರಿಯಲ್ಲಿ ಒಂದು ಹೆಜ್ಜೆ ಕಡಿಮೆಯಾಗುವುದು ನಿಶ್ಚಯ. ಹೆಬ್ಬಾರರ ಗೆರೆ ಎಷ್ಟು ಚೆನ್ನಾಗಿ ಹಾಡಿದರೂ ಈ ಲೆಕ್ಕ ತಪ್ಪುವುದಿಲ್ಲ. ಹಿರಿಯರ ಚಿಂತೆ ಅಮೂರ್ತ ಕಲೆಯ ಬಗೆಗಿನದಾಗಿರಲಿಲ್ಲ, ತಮ್ಮ ಪೀಠದ ಪಕ್ಕದಲ್ಲಿ ಬರಿದಾಗಲಿದ್ದ ಇನ್ನೊಂದು ಪೀಠದ್ದಾಗಿತ್ತು. ಅದನ್ನು ನಾನು ಅಂದು ಅರಿತೆನು.

ಆದರೂ ಹುಡುಗನನ್ನು ಅವರು ತಡೆಯಲಿಲ್ಲ. ಆತನು ಈಗ ಚಿತ್ರಕಲಾ ಶಾಲೆಯಲ್ಲಿದ್ದಾನೆ. ದಸರೆಯ ರಜೆಯಲ್ಲಿ ಊರಿಗೆ ಬಂದಾಗ ಗರುಡನ ರೆಕ್ಕೆಗಳಿಗೆ ಬಿಳಿಯ ಲೇಪ ಹಚ್ಚುವುದು ಅವನ ಪಾಲಿನ ಕೆಲಸ.

ಕಳೆದ ಬಾರಿ ನಾನು ಆ ಮನೆಗೆ ಹೋದಾಗ ತುಕ್ಕುಗೆಂಪಿನ ಆ ಚಿತ್ರ ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿದ್ದಿತು. ಆದರೆ ಅಡ್ಡಲಾಗಿ! ಹಿಂದೆ ನಡುಗುವ ಅಂಚಾಗಿದ್ದ ಬಿಳಿಯ ಗೆರೆ ಈಗ ಮೇಲ್ಭಾಗದಲ್ಲಿ ಬೆಟ್ಟದಾಚೆಯ ಬೆಳಗಿನಂತೆ ಕಾಣುತ್ತಿದ್ದಿತು. ನಾನು ಹುಡುಗನ ಮುಖವನ್ನು ನೋಡಿದೆನು. "ಅಪ್ಪ ಹಾಕ್ಯಾನ್ರಿ ಸರ. ಹಿಂಗ ಛಲೋ ಕಾಣತೈತಿ ಅಂದ. ಹೌದ್ರಿ, ಹಿಂಗ ಛಲೋ ಐತಿ" ಎಂದು ಅವನು ನಕ್ಕನು. ಅವನಿಗೆ ನಾನು ಕ್ಯಾಂಡಿನ್ಸ್ಕಿಯ ಕಥೆಯನ್ನು ಹೇಳಿದ್ದು ಆ ದಿನವೇ.

ವಾಚಕರಲ್ಲಿ ಒಂದು ವಿಜ್ಞಾಪನೆ. ಬೆಂಗಳೂರಿಗೆ ಹೋದಾಗ ವೆಂಕಟಪ್ಪ ಚಿತ್ರಶಾಲೆಯಲ್ಲಿ, ಮಣಿಪಾಲಕ್ಕೆ ಹೋದಾಗ ಹೆಬ್ಬಾರರ ಹೆಸರಿನ ಕಲಾಕೇಂದ್ರದಲ್ಲಿ, ಅವರ ಕೃತಿಗಳ ಮುಂದೆ ಮಕ್ಕಳೊಡನೆ ಒಂದು ಕಾಲು ಗಂಟೆ ನಿಲ್ಲಿರಿ. ಇದು ಏನು ಎಂದು ಮಕ್ಕಳು ಕೇಳಿದರೆ ಉತ್ತರಿಸಲು ಅವಸರಪಡಬೇಡಿರಿ. ಹಿಂದಿರುಗುವಾಗ ಕಿನ್ನಾಳದ ಒಂದು ಗೊಂಬೆಯನ್ನು ಕೊಂಡು ಮನೆಗೆ ತರುವುದು ಸಾಧ್ಯವಾದರೆ ಅದನ್ನೂ ತನ್ನಿರಿ.